ಕೈ ಎತ್ತಿಸಿ ಮುಗಿಸುವ ಮಾತಲ್ಲ

ಡೊಂಬಿವಲಿಯ ಹಿರಿಯ ಓದುಗರೊಬ್ಬರು ಕೇಳಿದ್ದಾರೆ: "1995ರಿಂದ ಹವಾಮಾನ ಸಮ್ಮೇಳನಗಳು ನಡೆಯುತ್ತಲೇ ಇವೆ. ಒಂದೊಂದು ಪದಕ್ಕೂ ರಾತ್ರಿಯೆಲ್ಲ ಜಗ್ಗಾಟ. ಮತಕ್ಕೆ ಹಾಕಿ ಮುಗಿಸಬಾರದೇ?"

ಮಾನ್ಯರೇ, ನಿಮ್ಮ ಬೇಸರ ನ್ಯಾಯವಾದದ್ದೇ. ತೈಲ ಮಾರುವ ದೇಶಗಳು ಸರ್ವಸಮ್ಮತಿಯನ್ನು ಅಡ್ಡಗಾಲಾಗಿ ಬಳಸಿರುವುದೂ ಉಂಟು. ಆದರೂ ನಿಮ್ಮ ಸಲಹೆಯನ್ನು ನಾನು ಒಪ್ಪಲಾರೆ. ಈ ಸಮ್ಮೇಳನಗಳಿಗೆ ಆಧಾರವಾದ 1992ರ ಮೂಲ ಒಪ್ಪಂದಕ್ಕೆ ಸೇರಿದ ದೇಶಗಳು ಮತದಾನದ ನಿಯಮವನ್ನು ಇಂದಿಗೂ ಅಂಗೀಕರಿಸಿಲ್ಲ. ಹೀಗಾಗಿ ಒಮ್ಮತವಾಗದ ಪದಗಳನ್ನು ಕರಡಿನಲ್ಲಿ ಚೌಕ ಆವರಣದೊಳಗಿಟ್ಟು, ಜೂನ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿಯೂ ವರ್ಷಾಂತ್ಯದ ಸಮ್ಮೇಳನದಲ್ಲಿಯೂ ಕುಳಿತು ಆ ಆವರಣಗಳನ್ನು ಒಂದೊಂದಾಗಿ ಬಿಡಿಸುತ್ತಾರೆ.

2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಮ್ಮ ಕಟ್ಟಡದ ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿತ್ತು. ಮುಂದೆ ಸೊಸೈಟಿಯ ಸಭೆಯಲ್ಲಿ ಅಂಗಳ ಎತ್ತರಿಸುವ ಖರ್ಚಿನ ಪ್ರಸ್ತಾಪ ಬಂದಾಗ ಮೇಲಿನ ಮಹಡಿಗಳವರು ಕೈ ಎತ್ತಿ ಬೇಡವೆಂದರು. ಐದು ನಿಮಿಷದಲ್ಲಿ ಮಾತು ಮುಗಿಯಿತು. ನೆಲಮಹಡಿಯ ಅಜ್ಜಿಯೊಬ್ಬರು ಪ್ರತಿ ಮಳೆಗಾಲಕ್ಕೂ ಅಕ್ಕಿಯ ಡಬ್ಬಗಳನ್ನು ಮಾಳಿಗೆಗೆ ಏರಿಸುತ್ತಲೇ ಇದ್ದರು.

ಪೆಸಿಫಿಕ್ ಸಾಗರದ ತಗ್ಗು ದ್ವೀಪ ದೇಶಗಳಾದ ತುವಾಲು, ಮಾರ್ಷಲ್ ದ್ವೀಪಗಳು ಲೋಕದ ನೆಲಮಹಡಿ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೆಲವೇ ದೇಶಗಳ ನಾಯಕರು ಸೇರಿ ಬರೆದ ಒಪ್ಪಂದಕ್ಕೆ ತುವಾಲು ಮುಂತಾದ ದೇಶಗಳು ಆಕ್ಷೇಪಿಸಿದವು. ಸಮ್ಮೇಳನ ಅದನ್ನು ಅಂಗೀಕರಿಸದೆ, ಗಮನಕ್ಕೆ ತಂದುಕೊಂಡಿತಷ್ಟೇ. ಅಂಥ ದ್ವೀಪಗಳು ಪಟ್ಟು ಬಿಡದೆ ಕೂತಿದ್ದರಿಂದಲೇ 2015ರ ಪ್ಯಾರಿಸ್ ಒಪ್ಪಂದಕ್ಕೆ ಭೂಮಿಯ ತಾಪದ ಏರಿಕೆಯನ್ನು 1.5 ಡಿಗ್ರಿಗೆ ತಡೆಯಲು ಯತ್ನಿಸುವ ಮಾತು ಸೇರಿತು. ಬಹುಮತಕ್ಕೆ ಬಿಟ್ಟಿದ್ದರೆ ಅವರ ಮಾತನ್ನು ಯಾರು ಕೇಳುತ್ತಿದ್ದರು?

ಪದಕ್ಕಾಗಿ ಜಗಳವೇಕೆ ಎನ್ನುತ್ತೀರಿ. ಪ್ಯಾರಿಸ್‌ನ ಕೊನೆಯ ದಿನ, ಶ್ರೀಮಂತ ದೇಶಗಳ ಹೊರಸೂಸುವಿಕೆ ತಗ್ಗಿಸುವ ಕಲಮಿನಲ್ಲಿ 'ಶಲ್' ಎಂದಿದ್ದುದನ್ನು ಅಮೆರಿಕ ಒಪ್ಪಲಿಲ್ಲ. ಅದು ತಾಂತ್ರಿಕ ತಿದ್ದುಪಡಿಯ ಹೆಸರಿನಲ್ಲಿ 'ಶುಡ್' ಆಯಿತು. ಕಡ್ಡಾಯವಾಗಿದ್ದುದು ಬುದ್ಧಿವಾದವಾಯಿತು. ಇನ್ನು 2024ರ ಬಾಕು ಸಮ್ಮೇಳನದಲ್ಲಿ 2035ರ ಹೊತ್ತಿಗೆ ಅಭಿವೃದ್ಧಿಶೀಲ ದೇಶಗಳಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಎಂಬ ಹಣದ ಗುರಿಯನ್ನು, ಭಾರತದ ಪ್ರತಿನಿಧಿ ಮಾತನಾಡುವ ಮೊದಲೇ ಸುತ್ತಿಗೆ ಬಡಿದು ಅಂಗೀಕರಿಸಿಬಿಟ್ಟರು. ಸಭೆ ಕೆಡುವುದು ಹೀಗೆ, ಜಗ್ಗಾಟದಿಂದಲ್ಲ.

ನಮ್ಮ ಕನ್ನಡ ಪತ್ರಿಕೆಗಳ ಮೇಲೂ ನನಗೆ ದೂರಿದೆ. ಕಾನೂನಿನ ಕನ್ನಡದಲ್ಲಿ 'ಶಲ್'ಗೆ 'ತಕ್ಕದ್ದು' ಎಂಬ ಖಚಿತವಾದ ಪದ ಇರುವಾಗಲೂ, ನಾನು ಓದಿದ ವರದಿಗಳೆಲ್ಲ 'ಶಲ್', 'ಶುಡ್' ಎರಡನ್ನೂ 'ಬೇಕು' ಎಂದೇ ಅಚ್ಚು ಹಾಕಿದ್ದವು.