ಸೂಕ್ಷ್ಮ ಚರ್ಮಕ್ಕೆ ಸೋಪು, ಬಾಡಿ ವಾಶ್ ಮಾಡುವವರ ಮೂರು ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲೇ ಕೋಲ್ಡ್ ಪ್ರೋಸೆಸ್ ಸೋಪು (ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ, ಕುದಿಸದೆ ಮಾಡುವಂಥದ್ದು) ಮಾಡಿ ಮಾರುತ್ತೇನೆ. ತೆಂಗಿನೆಣ್ಣೆಯೇ ಜಾಸ್ತಿ ಹಾಕುತ್ತೇನೆ. ಸ್ನಾನ ಆದಮೇಲೆ ಮೈ ಬಿಗಿಯುತ್ತದೆ, ಕಾಲು ಬೆಳ್ಳಗೆ ಬಿರಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಸಿಟ್ರಿಕ್ ಆಸಿಡ್ ಹಾಕಿ ಪಿಎಚ್ 5.5ಕ್ಕೆ ಇಳಿಸಬಹುದಾ? (ಧಾರವಾಡದ ಓದುಗರು)

ಉತ್ತರ: ಆಗುವುದಿಲ್ಲ. ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ: 7ಕ್ಕಿಂತ ಕಮ್ಮಿ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ. ಎಣ್ಣೆಯಲ್ಲಿರುವ ಕೊಬ್ಬಿನಾಮ್ಲ ಕಾಸ್ಟಿಕ್ ಸೋಡಾ ಜೊತೆ ಸೇರಿದಾಗ ಆಗುವುದೇ ಸೋಪು. ಅದು ಸೋಪಾಗಿ ಉಳಿಯಬೇಕಾದರೆ ಪಿಎಚ್ 9ರಿಂದ 10ರ ಆಸುಪಾಸಿನಲ್ಲೇ ಇರಬೇಕು. ಒಂದು ಲೋಟ ಸೋಪಿನ ನೀರಿಗೆ ನಿಂಬೆಹಣ್ಣು ಹಿಂಡಿ ನೋಡಿ. ನೊರೆ ಸತ್ತು, ನೀರು ಬೆಳ್ಳಗೆ ಒಡೆದು, ಮೇಲೆ ಜಿಡ್ಡಿನ ಚೂರು ತೇಲುತ್ತದೆ. ಅಂದರೆ ಸೋಪು ಮುರಿದು ಮತ್ತೆ ಕೊಬ್ಬಿನಾಮ್ಲ ಆಯಿತು. ಸ್ವಲ್ಪವೇ ಸಿಟ್ರಿಕ್ ಆಸಿಡ್ ಹಾಕಿದರೆ ಅದು ಕಾಸ್ಟಿಕ್ ಅನ್ನು ತಿಂದು ಸೋಡಿಯಂ ಸಿಟ್ರೇಟ್ ಆಗುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಜಿಡ್ಡುಗಟ್ಟುವುದನ್ನು ಅದು ಕಮ್ಮಿ ಮಾಡುತ್ತದೆ, ಆ ಲಾಭ ಇದೆ. ಆದರೆ ಪಿಎಚ್ 5.5 ಎಂದು ಲೇಬಲ್ ಮೇಲೆ ದಯವಿಟ್ಟು ಬರೆಯಬೇಡಿ.

ಇಷ್ಟಕ್ಕೂ ಪಿಎಚ್ ಯಾಕೆ ಮುಖ್ಯ? ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಸುಮಾರು 4.5ರಿಂದ 5.5. ಚರ್ಮದ ಕೋಶಗಳ ನಡುವೆ ನೀರು ಹಿಡಿದಿಡುವ ಕೊಬ್ಬು ಇರುತ್ತದಲ್ಲ, ಅದನ್ನು ತಯಾರಿಸುವ ಎನ್‌ಜೈಮ್‌ಗಳು ಈ ಹುಳಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ಆರೋಗ್ಯವಂತ ಚರ್ಮ ಸೋಪು ಹಚ್ಚಿದ ಮೇಲೆ ಕೆಲವು ಗಂಟೆಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಇಸುಬು ಇರುವವರ, ವಯಸ್ಸಾದವರ ಚರ್ಮಕ್ಕೆ ಅದು ಕಷ್ಟ.

ನೀವು ಸೋಪನ್ನೇ ಮಾಡಬೇಕು ಅಂತಿದ್ದರೆ ಮೊದಲು ತೆಂಗಿನೆಣ್ಣೆ ಇಳಿಸಿ. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ನೊರೆ ಭರ್ಜರಿಯಾಗಿ ಬರುತ್ತದೆ, ಜೊತೆಗೆ ಚರ್ಮವನ್ನು ಒಣಗಿಸುವುದೂ ಅದೇ. ಒಟ್ಟು ಎಣ್ಣೆಯಲ್ಲಿ 15–20 ಶೇಕಡಾ ಸಾಕು, ಉಳಿದದ್ದಕ್ಕೆ ಆಲಿವ್ ಅಥವಾ ಅಕ್ಕಿ ತೌಡಿನ ಎಣ್ಣೆ ಹಾಕಿ. ಆದರೆ ಹಳೇ ಲೆಕ್ಕದಲ್ಲೇ ಕಾಸ್ಟಿಕ್ ಹಾಕಬೇಡಿ! 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ ಬೇಕು, ತೌಡಿನ ಎಣ್ಣೆಗೆ ಸುಮಾರು 13. ಎಣ್ಣೆ ಬದಲಾಯಿಸಿ ಕಾಸ್ಟಿಕ್ ಬದಲಾಯಿಸದಿದ್ದರೆ ಸೋಪಿನಲ್ಲಿ ಕಾಸ್ಟಿಕ್ ಉಳಿಯುತ್ತದೆ, ಆಮೇಲೆ ಬಿಗಿತವಲ್ಲ, ಸುಟ್ಟ ಗಾಯವೇ ಆಗಬಹುದು.

ಇಷ್ಟೆಲ್ಲ ಮಾಡಿದರೂ ಪಿಎಚ್ 9ರ ಮೇಲೇ ಇರುತ್ತದೆ. ನಿಜಕ್ಕೂ ಸೂಕ್ಷ್ಮ ಚರ್ಮದವರಿಗೆ ಎಂದರೆ ಸೋಪಲ್ಲದ ಬಾರ್ ಬೇಕು, ಅದನ್ನು ಸಿಂಡೆಟ್ ಅಂತಾರೆ. 1957ರಲ್ಲಿ ಅಮೆರಿಕದಲ್ಲಿ ಬಂದ ಡವ್ ಇದೇ ಜಾತಿಯದು, ತೆಂಗಿನೆಣ್ಣೆಯಿಂದಲೇ ಬರುವ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಅದರ ಆಧಾರ. ಆ ಪುಡಿ ಈಗ ಸಣ್ಣ ಪ್ಯಾಕ್‌ನಲ್ಲೂ ಸಿಗುತ್ತದೆ. ತೂಗುವಾಗ ಮಾಸ್ಕ್ ಹಾಕಿ, ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ.

ಪ್ರಶ್ನೆ: ಸಲ್ಫೇಟ್ ಬಿಟ್ಟು ಡೆಸೈಲ್ ಗ್ಲುಕೋಸೈಡ್ ಮತ್ತು ಕೊಕಮಿಡೊಪ್ರೊಪೈಲ್ ಬೀಟೈನ್ ಹಾಕಿ ಬಾಡಿ ವಾಶ್ ಮಾಡಿದೆ. ನೀರಿನ ಥರ ತೆಳ್ಳಗಿದೆ. ಎಷ್ಟು ಉಪ್ಪು ಹಾಕಿದರೂ ಗಟ್ಟಿಯಾಗುತ್ತಿಲ್ಲ, ಪಿಎಚ್ ಬೇರೆ 9 ತೋರಿಸುತ್ತಿದೆ. (ತುಮಕೂರಿನ ಓದುಗರು)

ಉತ್ತರ: ಉಪ್ಪಿಗೆ ಗಟ್ಟಿಯಾಗುವುದು ಎಸ್‌ಎಲ್‌ಇಎಸ್‌ (ಸೋಡಿಯಂ ಲಾರೆತ್ ಸಲ್ಫೇಟ್) ಥರದ ಸಲ್ಫೇಟ್ ಕ್ಲೆನ್ಸರ್‌ಗಳ, ಅಂದರೆ ನೊರೆ ಬಂದು ಕೊಳೆ ತೆಗೆಯುವ ವಸ್ತುಗಳ, ಗುಣ. ನೀವು ಹಾಕಿದ ಗ್ಲುಕೋಸೈಡ್, ಬೀಟೈನ್ ಕೂಡ ಕ್ಲೆನ್ಸರ್‌ಗಳೇ. ಗ್ಲುಕೋಸೈಡ್‌ಗೆ ವಿದ್ಯುತ್ ಚಾರ್ಜ್ ಇಲ್ಲ, ಉಪ್ಪು ಹಾಕಿ ಪ್ರಯೋಜನವಿಲ್ಲ, ನಿಲ್ಲಿಸಿಬಿಡಿ. 100 ಗ್ರಾಂ ಬಾಡಿ ವಾಶ್‌ಗೆ ಸುಮಾರು 1 ಗ್ರಾಂ ಕ್ಸಾಂಥನ್ ಗಮ್ (ಗಟ್ಟಿ ಮಾಡುವ ಅಂಟಿನ ಪುಡಿ) ಸಾಕು. ಅದನ್ನು ನೇರ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ಆಮೇಲೆ ಜಪ್ಪಯ್ಯ ಅಂದರೂ ಕರಗಲ್ಲ. ಮೊದಲು 5 ಗ್ರಾಂ ಗ್ಲಿಸರಿನ್‌ನಲ್ಲಿ ಗಮ್ ಕಲಸಿಕೊಳ್ಳಿ, ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ತಿರುಗಿಸಿ. ಕ್ಲೆನ್ಸರ್‌ಗಳು ಕೊನೆಗೆ, ನಿಧಾನವಾಗಿ, ನೊರೆ ಬಾರದ ಹಾಗೆ.

ಪಿಎಚ್ ಜಾಸ್ತಿ ಇರುವುದು ಗ್ಲುಕೋಸೈಡ್‌ನಿಂದ, ಡಬ್ಬಿಯಲ್ಲಿ ಬರುವಾಗಲೇ ಅದು ಬಲವಾದ ಕ್ಷಾರ. ಸಿಟ್ರಿಕ್ ಆಸಿಡ್ ಅನ್ನು ನೀರಲ್ಲಿ ಕರಗಿಸಿ ಹನಿ ಹನಿಯಾಗಿ ಹಾಕಿ 5ರ ಆಸುಪಾಸಿಗೆ ತನ್ನಿ. ಇಲ್ಲಿ ಇಳಿಸಬಹುದು, ಇದು ಸೋಪಲ್ಲವಲ್ಲ. ಕಾಗದದ ಪಟ್ಟಿ ನಂಬಬೇಡಿ, ಮೀಟರ್ ತಗೊಳ್ಳಿ, 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣದಲ್ಲಿ) ಸರಿಮಾಡಿಕೊಂಡು ಅಳೆಯಿರಿ. ಪ್ರಿಸರ್ವೇಟಿವ್ ಆಗಿ ಸೋಡಿಯಂ ಬೆಂಜೊಯೇಟ್ ಹಾಕುವುದಾದರೆ ಆಸಿಡ್‌ಗಿಂತ ಮೊದಲೇ ಹಾಕಿ, ಇಲ್ಲದಿದ್ದರೆ ಬೆಂಜೊಯಿಕ್ ಆಮ್ಲ ಹರಳಾಗಿ ತಳಕ್ಕೆ ಕೂರುತ್ತದೆ. ಪಿಎಚ್ 5.5 ದಾಟಿದರೆ ಅದರ ಶಕ್ತಿ ತೀರಾ ಕಮ್ಮಿ. ನಿಮ್ಮ 9ರ ಬಾಟಲಿಗೆ ಬೆಂಜೊಯೇಟ್ ಹಾಕಿದ್ದರೂ ಹಾಕದಂತೆಯೇ. ಅದನ್ನು ಯಾರಿಗೂ ಕೊಡಬೇಡಿ.

ಸೌಮ್ಯತೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕ್ಲೆನ್ಸರ್ ಅಣುಗಳು ನೀರಿನಲ್ಲಿ ಗುಂಪು ಕಟ್ಟಿಕೊಂಡು, ಬೆಲ್ಲದ ಚೂರಿಗೆ ಇರುವೆ ಮುತ್ತಿದ ಹಾಗೆ ಎಣ್ಣೆ ಕೊಳೆಯನ್ನು ಮುತ್ತುತ್ತವೆ. ಚರ್ಮದೊಳಗೆ ಸುಲಭವಾಗಿ ನುಗ್ಗಿ ಉರಿಸುವುದು ಗುಂಪಿಗೆ ಸೇರದ ಒಂಟಿ ಅಣುಗಳು ಮತ್ತು ತೀರಾ ಸಣ್ಣ ಗುಂಪುಗಳು. ಬೀಟೈನ್ ಬೆರೆಸಿದಾಗ ಗುಂಪು ದೊಡ್ಡದಾಗುತ್ತದೆ, ಒಂಟಿ ಅಣು ಕಮ್ಮಿಯಾಗುತ್ತದೆ. ಹಾಗಾಗಿ ಒಳ್ಳೆ ಬೀಟೈನ್ ಬೆರೆಸಿದ ಎಸ್‌ಎಲ್‌ಇಎಸ್ ಬಾಡಿ ವಾಶ್ ಒಂದು ಕೆಟ್ಟ 'ಸಲ್ಫೇಟ್ ಫ್ರೀ' ಬಾಟಲಿಗಿಂತ ಮೆತ್ತಗಿರಬಹುದು. ಉರಿಯೇ ಬೇರೆ, ಅಲರ್ಜಿಯೇ ಬೇರೆ ಅನ್ನುವುದನ್ನೂ ಮರೆಯಬೇಡಿ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2004ರಲ್ಲಿ ಇದೇ ಬೀಟೈನನ್ನು, 2017ರಲ್ಲಿ ಇದೇ ಗ್ಲುಕೋಸೈಡ್‌ಗಳನ್ನು 'ವರ್ಷದ ಅಲರ್ಜನ್' (ಅಲರ್ಜಿ ತರುವ ವಸ್ತು) ಎಂದು ಹೆಸರಿಸಿತ್ತು. ಬೀಟೈನ್ ವಿಷಯದಲ್ಲಿ ತೊಂದರೆ ಹೆಚ್ಚಾಗಿ ತಯಾರಿಕೆಯಲ್ಲಿ ಉಳಿದುಬಿಡುವ ಕಲ್ಮಶದ್ದು, ಆದ್ದರಿಂದ ಅಗ್ಗದ ಡ್ರಮ್ ಬೇಡ, ಪ್ರತಿ ಬ್ಯಾಚ್‌ನ ಪರೀಕ್ಷಾ ವರದಿ ಕೇಳಿ ಪಡೆಯಿರಿ.

ಇನ್ನು ಪರಿಮಳ. ಮೈಸೂರು ಸ್ಯಾಂಡಲ್ ಸೋಪಿನ ನಾಡಿನವರು ನಾವು, ವಾಸನೆಯಿಲ್ಲದೆ ಸ್ನಾನ ಮಾಡಿದ ಹಾಗೇ ಆಗಲ್ಲ, ಗೊತ್ತು. ಆದರೂ ಸೂಕ್ಷ್ಮ ಚರ್ಮಕ್ಕೆ ಎಂದ ಮೇಲೆ ಪರಿಮಳ ಬೇಡ. ಲ್ಯಾವೆಂಡರ್, ನಿಂಬೆ ಎಣ್ಣೆಗಳಲ್ಲಿರುವ ಲಿನಲೂಲ್, ಲಿಮೊನೀನ್ ಗಾಳಿ ತಾಗುತ್ತಾ ಹೋದಂತೆ ಅಲರ್ಜಿ ತರುವ ವಸ್ತುಗಳಾಗುತ್ತವೆ, ಗಿಡದಿಂದ ಬಂದದ್ದು ಅಂತ ಸುಮ್ನೆ ಬಿಡುವುದಿಲ್ಲ.

ಪ್ರಶ್ನೆ: ಇಸುಬು ಇರುವ ಮಕ್ಕಳಿಗೆ ಹೆಸರುಹಿಟ್ಟು, ಹಾಲಿನ ಪುಡಿ, ಗೋಧಿ ಪ್ರೋಟೀನ್ ಸೇರಿಸಿದ ಕ್ಲೆನ್ಸರ್ ತರಬೇಕೆಂದಿದ್ದೇನೆ. ಎಲ್ಲ ತಿನ್ನುವ ವಸ್ತುಗಳೇ, ಟೆಸ್ಟ್ ಬೇಕಿಲ್ಲ ಅಲ್ವಾ? (ಬೆಂಗಳೂರಿನ ಓದುಗರು)

ಉತ್ತರ: ಬೇಕು. ತಿನ್ನುವ ವಸ್ತು ಹೊಟ್ಟೆಗೆ ಹೋಗುವುದಕ್ಕೂ ಬಿರುಕು ಬಿಟ್ಟ ಚರ್ಮದ ಮೂಲಕ ಒಳಗೆ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಜಪಾನಿನಲ್ಲಿ ಒಂದು ಮುಖದ ಸೋಪಿಗೆ ಒಡೆದ ಗೋಧಿ ಪ್ರೋಟೀನ್ ಸೇರಿಸಿದ್ದರು. ಅದನ್ನು ದಿನಾ ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಗೋಧಿ ಅಲರ್ಜಿ ಬಂತು. ಅಲ್ಲಿಯವರೆಗೆ ಆರಾಮಾಗಿ ಗೋಧಿ ತಿನ್ನುತ್ತಿದ್ದ ಎಷ್ಟೋ ಮಂದಿಗೆ ಬ್ರೆಡ್ ತಿಂದರೆ ಉಸಿರು ಕಟ್ಟುವ ಸ್ಥಿತಿ. ಇಸುಬು ಇರುವ ಮಗುವಿನ ಚರ್ಮದ ಮೇಲೆ ಇಂಥದ್ದನ್ನು ಪ್ರಯೋಗ ಮಾಡುವ ಹಕ್ಕು ನಮಗಿಲ್ಲ. ಪ್ರೋಟೀನ್‌ಗಳನ್ನೆಲ್ಲ ತೆಗೆಯಿರಿ. ಗ್ಲಿಸರಿನ್ ಇರಲಿ.

ಟೆಸ್ಟ್ ಅಂದರೆ ನಿಮ್ಮ ಮಕ್ಕಳ ಕೈಗೆ ಹಚ್ಚಿ ನೋಡುವುದಲ್ಲ. ನಮ್ಮಲ್ಲಿ 2014ರಿಂದ ಕಾಸ್ಮೆಟಿಕ್ಸ್‌ಗೆ ಪ್ರಾಣಿಗಳ ಮೇಲೆ ಪರೀಕ್ಷೆ ಇಲ್ಲ. ಲ್ಯಾಬ್‌ಗಳಲ್ಲಿ ಒಪ್ಪಿಗೆ ಕೊಟ್ಟ ದೊಡ್ಡವರ ಮೇಲೆ ಪ್ಯಾಚ್ ಟೆಸ್ಟ್ ಮಾಡುತ್ತಾರೆ, ಅಂದರೆ ವಸ್ತುವನ್ನು ಚರ್ಮಕ್ಕೆ ಹಚ್ಚಿ ಪಟ್ಟಿಯಿಂದ ಮುಚ್ಚಿಟ್ಟು ನೋಡುತ್ತಾರೆ. ಬಾಡಿ ವಾಶ್ ತೊಳೆದು ಹೋಗುವ ವಸ್ತುವಾದ್ದರಿಂದ ನೀರು ಬೆರೆಸಿಯೇ ಹಚ್ಚಬೇಕು, ಹಾಗೇ ಮುಚ್ಚಿಟ್ಟರೆ ಯಾರ ಚರ್ಮವಾದರೂ ಕೆಂಪಾಗುತ್ತದೆ. ಸೂಕ್ಷ್ಮಾಣುಗಳನ್ನು ಬೇಕೆಂದೇ ಬೆರೆಸಿ, ಪ್ರಿಸರ್ವೇಟಿವ್ ಅವನ್ನು ತಡೆಯುತ್ತದಾ ಎಂದು 28 ದಿನ ನೋಡುವ ಚಾಲೆಂಜ್ ಟೆಸ್ಟ್ ಕೂಡ ಮಾಡಿಸಿ. ಮಾರಾಟಕ್ಕೆ ತಯಾರಿಸಲು ಕಾಸ್ಮೆಟಿಕ್ಸ್ ರೂಲ್ಸ್ 2020ರ ಅಡಿ ರಾಜ್ಯದ ಲೈಸೆನ್ಸ್ ಬೇಕು. 'ಇಸುಬು ವಾಸಿಯಾಗುತ್ತದೆ' ಎಂದು ಬರೆದರೆ ಅದು ಔಷಧದ ಲೆಕ್ಕಕ್ಕೆ ಹೋಗುತ್ತದೆ, ಅದಕ್ಕೆ ಬೇರೆಯೇ ಲೈಸೆನ್ಸ್. ಹಾಗಾಗಿ ಲೇಬಲ್ ಪ್ರಿಂಟ್ ಹಾಕಿಸುವ ಮೊದಲೇ ಔಷಧ ನಿಯಂತ್ರಣ ಇಲಾಖೆಯಲ್ಲಿ ವಿಚಾರಿಸಿ.