ಮದುವೆಯ 4ಕೆ ವಿಡಿಯೊ ಡಿವಿಡಿ ಪ್ಲೇಯರಿನಲ್ಲಿ ಓಡುತ್ತಿಲ್ಲವೆಂಬ ಪ್ರಶ್ನೆಗೆ

ಬೀದರಿನಲ್ಲಿ ನಡೆದ ತಂಗಿಯ ಮದುವೆಯ 4ಕೆ (ಅತಿ ಹೆಚ್ಚು ಸ್ಪಷ್ಟತೆಯ) ವಿಡಿಯೊ ಕಡತಗಳನ್ನು ಡಿಸ್ಕಿಗೆ ನಕಲಿಸಿದರೂ ಹುಮನಾಬಾದಿನ ಅಜ್ಜಿಯ ಮನೆಯ ಪ್ಲೇಯರ್ ಅವುಗಳನ್ನು ಓದುತ್ತಿಲ್ಲ ಎಂದು ಬರೆದಿದ್ದೀರಿ. ಡಿಸ್ಕ್ ಕೆಟ್ಟಿಲ್ಲ, ಸಾಮಾನ್ಯ ಡಿವಿಡಿ ಪ್ಲೇಯರಿಗೆ ಎಂಪೆಗ್-2 ಎಂಬ ಸಂಕುಚಿತ ರೂಪದ, ನಮ್ಮ ದೇಶದ ಟಿವಿಗಳ ಪಾಲ್ ಪದ್ಧತಿಯಂತೆ 720×576 ಪಿಕ್ಸೆಲ್ ಗಾತ್ರದ, ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊ ಬೇಕಾಗುತ್ತದೆ. ಉಚಿತವಾಗಿ ಸಿಗುವ ಡಿವಿಡಿಸ್ಟೈಲರ್ ತಂತ್ರಾಂಶದಲ್ಲಿ ಪಾಲ್ ಮತ್ತು 16:9 (ಅಗಲ ಪರದೆಯ ಅನುಪಾತ) ಆರಿಸಿದರೆ ಪರಿವರ್ತನೆಯನ್ನು ಅದೇ ಮಾಡಿಕೊಳ್ಳುತ್ತದೆ.

ಆದರೆ 4.7 ಜಿಬಿ ಡಿಸ್ಕಿಗೆ ಒಂದು ಗಂಟೆಯಷ್ಟನ್ನೇ ತುಂಬಿಸಿ, ಬಿಟ್‌ರೇಟನ್ನು, ಅಂದರೆ ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣವನ್ನು, 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್)‌ಗೆ ಇಡಿ. ನಮ್ಮಣ್ಣನ ಮದುವೆಯ ಮೂರು ಗಂಟೆಗಳನ್ನು ಒಂದೇ ಡಿಸ್ಕಿಗೆ ತುರುಕಿದ್ದರಿಂದ, ಅಕ್ಷತೆ ಬೀಳುವ ಕ್ಷಣದಲ್ಲೇ ಚಿತ್ರವೆಲ್ಲ ಚೌಕಚೌಕವಾಗಿ ಒಡೆದು ಅವ್ವನ ಮುಖವೇ ಕಾಣದಂತಾಯಿತು. ಆ ನೋವು ನನಗೆ ಇನ್ನೂ ಇದೆ. ಮೂಲ ಕಡತಗಳನ್ನು ದಯವಿಟ್ಟು ಅಳಿಸಬೇಡಿ. ಹಳೆಯ ಪ್ಲೇಯರ್ ಆಗಿದ್ದರೆ ಡಿಸ್ಕನ್ನು 4ಎಕ್ಸ್ ಎಂಬ ನಿಧಾನ ವೇಗದಲ್ಲಿ ಬರೆಯಿರಿ.