ಮೋಟರ್‌ಹೋಮ್ ಎಲ್ಲಿ ನಿಲ್ಲಿಸುವುದು?

ಪ್ರಶ್ನೆ: ನಿವೃತ್ತರಾದ ನಾವು ದಂಪತಿ, ಮಗನೊಡನೆ ಅಮೆರಿಕದಲ್ಲಿ ಮೋಟರ್‌ಹೋಮ್ (ಮನೆಯಂತೆ ಒಳಗೇ ವಾಸಿಸಬಹುದಾದ ದೊಡ್ಡ ವಾಹನ) ಬಾಡಿಗೆಗೆ ಪಡೆದು ಪ್ರವಾಸ ಹೊರಡಲಿದ್ದೇವೆ. ಇವರಿಗೆ ಮೊಣಕಾಲು ನೋವು. ಸೇಂಟ್ ಲೂಯಿಸ್ ನಗರದಲ್ಲಿ ತಂಗಬಹುದೇ?
– ಓದುಗರು, ಡೊಂಬಿವಲಿ, ಮುಂಬಯಿ

ಉತ್ತರ: ಅವಶ್ಯವಾಗಿ ತಂಗಿರಿ. ಆದರೆ ಬಹುಮಹಡಿ ಪಾರ್ಕಿಂಗ್ ಕಟ್ಟಡಗಳೊಳಗೆ ಅಷ್ಟು ಎತ್ತರದ ವಾಹನ ಹಿಡಿಸದ ಕಾರಣ, ವಿದ್ಯುತ್, ನೀರು ಮತ್ತು ಕೊಳಚೆ ನೀರಿನ ಸಂಪರ್ಕವಿರುವ ಕ್ಯಾಂಪ್‌ಗ್ರೌಂಡಿನಲ್ಲಿ ಅದನ್ನು ನಿಲ್ಲಿಸಿ, ಪೇಟೆಗೆ ಮೆಟ್ರೊಲಿಂಕ್ ರೈಲಿನಲ್ಲಿ ಹೋಗುವುದು ಲೇಸು. ಲೋಕಲ್ ಗಾಡಿಯಲ್ಲಿ ಪಳಗಿದ ನಿಮಗೆ ಅದು ಕಷ್ಟವಾಗದು. 1965ರಲ್ಲಿ ಪೂರ್ಣಗೊಂಡ, 630 ಅಡಿ ಎತ್ತರದ ಗೇಟ್‌ವೇ ಆರ್ಚ್ ಎಂಬ ಕಮಾನು ಮಿಸಿಸಿಪ್ಪಿ ನದಿಯ ದಂಡೆಯಲ್ಲಿದೆ. ತುದಿಗೆ ಒಯ್ಯುವ ಟ್ರಾಮಿನ ಪುಟ್ಟ ಗೂಡುಗಳಲ್ಲಿ ಐದೈದು ಆಸನಗಳಿದ್ದು, ಬಾಗಿಲು ಸುಮಾರು ನಾಲ್ಕೇ ಅಡಿ ಎತ್ತರವಿರುವುದರಿಂದ ಬಗ್ಗಿ ನುಸುಳಬೇಕು, ಮೆಟ್ಟಿಲುಗಳೂ ಇವೆ. ಯಜಮಾನರಿಗೆ ಅದು ಆಗದಿದ್ದರೆ ಒತ್ತಾಯ ಬೇಡ, ಕಮಾನಿನಡಿಯ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ.